ಪುಸ್ತಕ ಸುಡುವ ಕಾದಂಬರಿಯ ಲೋಕ ನಿಜವಾದೀತೇ?

ಪ್ರಶ್ನೆ – ಓದುಗ:
ರೇ ಬ್ರ್ಯಾಡ್‌ಬರಿಯವರ ‘ಫ್ಯಾರನ್‌ಹೀಟ್ 451’ ಕಾದಂಬರಿಯನ್ನು ಈಚೆಗೆ ಓದಿ ಮುಗಿಸಿದೆ. ಬೆಂಕಿ ಆರಿಸಬೇಕಾದ ಅಗ್ನಿಶಾಮಕ ದಳದವರೇ ಅದರಲ್ಲಿ ಮನೆಗಳಿಗೆ ನುಗ್ಗಿ ಪುಸ್ತಕಗಳನ್ನು ಸುಡುತ್ತಾರೆ. ಅಂತರಜಾಲವಿರುವ ಈ ಕಾಲದಲ್ಲಿ ಅಂಥದ್ದು ನಡೆಯದೆಂದು ಗೆಳೆಯರು ಧೈರ್ಯ ಹೇಳುತ್ತಾರಾದರೂ ನನಗೆ ಆ ನಂಬಿಕೆ ಬರುತ್ತಿಲ್ಲ. ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಉತ್ತರ – ಗ್ರಂಥಪ್ರೇಮಿ:
ಆ ಕಾದಂಬರಿಗೇ ಒದಗಿದ ಗತಿಯನ್ನು ಗಮನಿಸಿ. 1953ರಲ್ಲಿ ಅದನ್ನು ಪ್ರಕಟಿಸಿದ್ದ ಬ್ಯಾಲಂಟೈನ್ ಸಂಸ್ಥೆಯೇ 1967ರಲ್ಲಿ ಶಾಲೆಗಳಿಗೆಂದು ಬೇರೊಂದು ಆವೃತ್ತಿ ತಂದು, ಬೈಗುಳಗಳನ್ನೂ ಗರ್ಭಪಾತದ ಪ್ರಸ್ತಾಪವನ್ನೂ ಲೇಖಕರಿಗೆ ತಿಳಿಸದೆ ತೆಗೆದುಹಾಕಿತು. ಕುಡಿದವನೊಬ್ಬ ಕಾಯಿಲೆಯವನಾದ, ಹೊಕ್ಕುಳಿನ ಕೊಳೆ ತೆಗೆಯುವ ಮಾತು ಕಿವಿ ಶುಚಿಗೊಳಿಸುವ ಮಾತಾಯಿತು. 1973ರಿಂದ ಕೆಲವು ವರ್ಷ ಅಂಗಡಿಗಳಲ್ಲಿ ಮಾರಾಟವಾದದ್ದೂ ಈ ಕತ್ತರಿಸಿದ ಪ್ರತಿಯೇ. ವಿಷಯ ತಿಳಿದ ಬ್ರ್ಯಾಡ್‌ಬರಿಯವರು ಪಟ್ಟು ಹಿಡಿದ ಮೇಲಷ್ಟೇ ಮೂಲಪಾಠ ಮತ್ತೆ ಅಚ್ಚಾಯಿತು. ಸುಟ್ಟರೆ ಹೊಗೆಯಾದರೂ ಕಾಣುತ್ತದೆ, ಇಲ್ಲಿ ಓದಿದವರಿಗೆ ಏನು ಕಳೆದಿದೆಯೆಂಬುದೇ ಗೊತ್ತಿರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ.

ಉತ್ತರ – ವಕೀಲೆ:
ನಮ್ಮಲ್ಲಿ ಕಾನೂನಿನ ದಾರಿಯೇ ಇದೆ. ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ಕರ್ನಾಟಕ ಸರ್ಕಾರ 1997ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮಿನಡಿ ಮುಟ್ಟುಗೋಲು ಹಾಕಿಕೊಂಡಿತು; ಬರಗೂರು ರಾಮಚಂದ್ರಪ್ಪ ಮೊದಲಾದವರು ಅದನ್ನು ಪ್ರಶ್ನಿಸಿದರೂ 2007ರಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅದೇ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೆಯ ಕಲಮಿನಲ್ಲಿದೆ. ಅದನ್ನು ಬಳಸಿ 2025ರ ಆಗಸ್ಟ್‌ನಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಒಮ್ಮೆಗೇ 25 ಪುಸ್ತಕಗಳನ್ನು ನಿಷೇಧಿಸಲಾಯಿತು. ಬೆನ್ನಲ್ಲೇ ಶ್ರೀನಗರದ ಪುಸ್ತಕದಂಗಡಿಗಳಲ್ಲಿ ಪೊಲೀಸರು ಶೋಧ ನಡೆಸಿದರು. ಬೆಂಕಿಯೊಂದನ್ನು ಬಿಟ್ಟರೆ ತಾವು ಓದಿದ ದೃಶ್ಯಕ್ಕೆ ಇದು ದೂರವೇನಲ್ಲ.

ಉತ್ತರ – ತಂತ್ರಜ್ಞ:
ಅಂತರಜಾಲವೇ ರಕ್ಷಣೆ ಎಂಬ ಮಾತನ್ನು ನಾನು ಒಪ್ಪಲಾರೆ. 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆ, ಮಾರಿದವರಿಗೆ ಹಕ್ಕುಸ್ವಾಮ್ಯವಿಲ್ಲವೆಂಬ ಕಾರಣಕ್ಕೆ, ಗ್ರಾಹಕರು ಹಣ ಕೊಟ್ಟು ಪಡೆದಿದ್ದ ಜಾರ್ಜ್ ಆರ್ವೆಲ್‌ರ ‘1984’ ಕಾದಂಬರಿಯ ಪ್ರತಿಗಳನ್ನು ಅವರ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನಗಳಿಂದಲೇ ದೂರದಿಂದ ಅಳಿಸಿತು. ಹಣ ಹಿಂದಿರುಗಿತು, ಸಂಸ್ಥೆಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಅಂದು ಉದ್ದೇಶ ಸೆನ್ಸಾರ್ ಅಲ್ಲದಿದ್ದರೂ, ಒಂದು ಸರ್ಕಾರ ಒತ್ತಡ ಹೇರಿದರೆ ಸಾಕು, ಅದೇ ಗುಂಡಿ ಅದೇ ಕೆಲಸವನ್ನು ಮಾಡೀತು. ಆದ್ದರಿಂದ ಮುಖ್ಯವೆನಿಸಿದ ಪುಸ್ತಕಗಳ ಅಚ್ಚಿನ ಪ್ರತಿಯನ್ನು ನಾನು ಬಿಡದೆ ಕೊಳ್ಳುತ್ತೇನೆ.

ಪ್ರಶ್ನೆ ಕೇಳಿದ ಓದುಗ:
ಎಲ್ಲರಿಗೂ ಕೃತಜ್ಞತೆಗಳು. ಮುಟ್ಟುಗೋಲಿನ ಆದೇಶವನ್ನು ಲೇಖಕರು ಮಾತ್ರ ಪ್ರಶ್ನಿಸಬೇಕೇ?

ಉತ್ತರ – ವಕೀಲೆ:
ಇಲ್ಲ. ಆ ಕೃತಿಯಲ್ಲಿ ಹಿತಾಸಕ್ತಿಯುಳ್ಳ ಯಾರೇ ಆಗಲಿ, ಆದೇಶ ರಾಜ್ಯಪತ್ರದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ ಹೈಕೋರ್ಟಿಗೆ ಅರ್ಜಿ ಸಲ್ಲಿಸಬಹುದು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ಆಲಿಸುತ್ತದೆ. ಅವಧಿ ಚಿಕ್ಕದಾದ್ದರಿಂದ ಓದುಗರೂ ಪ್ರಕಾಶಕರೂ ಆದೇಶ ಬಂದ ಕೂಡಲೇ ಎಚ್ಚೆತ್ತುಕೊಳ್ಳಬೇಕಾಗುತ್ತದೆ.