ಇಂದ್ರನ ಪಾಪ, ಹವ್ವ ತಿಂದ ಹಣ್ಣು: ಹೆಣ್ಣಿನ ನೋವಿಗೆ, ಗಂಡಿನ ದುಡಿಮೆಗೆ ಧರ್ಮದ ಕಥೆಗಳಲ್ಲಿ ಏನು ಕಾರಣ ಹೇಳ್ತಾರೆ?

ಶರಾವತಿ_ದಡ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ದಯವಿಟ್ಟು. ಹೋದ ತಿಂಗಳು ನನ್ನ ಮಗಳು ದೊಡ್ಡವಳಾದ್ಲು, ಇನ್ನೂ 11 ವರ್ಷ. ರಜೆ ಅಂತ ಸಾಗರದ ಹತ್ರ ನಮ್ಮಮ್ಮನ ಮನೇಲಿದ್ವಿ. ಅಮ್ಮ ಏನೂ ಬೈಲಿಲ್ಲ, ಪ್ರೀತಿಯಿಂದಲೇ ಜಗಲಿ ಪಕ್ಕದ ಕೋಣೇಲಿ ಚಾಪೆ ಹಾಸಿದ್ಲು, ಬೇರೆ ತಟ್ಟೆ ಬೇರೆ ಲೋಟ ಇಟ್ಲು, ಆಮೇಲೆ ಬಾಗಿಲ ಹೊಸ್ತಿಲಾಚೆ ಕೂತು ಕಥೆ ಹೇಳಿದ್ಲು. ನಂಗೂ ಅದೇ ಕೋಣೇಲಿ ಅದೇ ಕಥೆ ಹೇಳಿದ್ಲು 25 ವರ್ಷದ ಹಿಂದೆ. ಇಂದ್ರ ಒಬ್ಬ ಬ್ರಾಹ್ಮಣನ್ನ ಕೊಂದ, ಬ್ರಹ್ಮಹತ್ಯೆ ಬೆನ್ನು ಹತ್ತಿತು, ಅದನ್ನ ಹಂಚಿಬಿಟ್ಟ, ಹೆಂಗಸರು ಒಂದು ಪಾಲು ಹೊತ್ಕೊಂಡ್ರು, ಅದೇ ತಿಂಗಳು ತಿಂಗಳು ಕಾಣಿಸ್ಕೊಳೋದು ಅಂತ.

ಮಗಳು ಎಲ್ಲಾ ಕೇಳಿ "ಕೊಂದಿದ್ದು ಅವ್ನು, ನಾನ್ಯಾಕೆ ಅಜ್ಜಿ?" ಅಂದ್ಲು. ಅಮ್ಮ ಸುಮ್ನಾದ್ಲು. ನಾನು ಆ ವಯಸ್ಸಲ್ಲಿ ಕೇಳಿರ್ಲಿಲ್ಲ, ಹೂಂ ಅಂದು ಮಲಗಿದ್ದೆ, ಅದು ಈಗ ತುಂಬಾ ಕಾಡ್ತಿದೆ.

ನನ್ನ ಪ್ರಶ್ನೆ ಇಷ್ಟೇ, ಬೇರೆ ಧರ್ಮಗಳಲ್ಲೂ ಹಿಂಗೆ ಹೆಣ್ಣಿನ ಕಷ್ಟಕ್ಕೆ ಮೊದಲಿನ ಕಾಲದ್ದೊಂದು ತಪ್ಪು ಕಾರಣ ಅಂತ ಇದ್ಯಾ? ಗಂಡಸ್ರ ಕಷ್ಟಕ್ಕೂ ಕಥೆ ಇದ್ಯಾ? ಮಗಳಿಗೆ ಸರಿಯಾಗಿ ಉತ್ತರ ಕೊಡ್ಬೇಕು ನಂಗೆ.

ಕುಡ್ಲದ_ಸಿಸ್ಟರ್:

ನಾನು ಕ್ರಿಶ್ಚಿಯನ್, ಹೆರಿಗೆ ವಾರ್ಡಲ್ಲಿ ನರ್ಸ್ ಆಗಿ 19 ವರ್ಷ ಆಯ್ತು, ಹಾಗಾಗಿ ಈ ಪ್ರಶ್ನೆ ನಂಗೆ ದಿನಾ ಎದುರಿಗೆ ಬರುವಂಥದ್ದು. ನಮ್ಮಲ್ಲಿ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 3ನೇ ಅಧ್ಯಾಯ ಉಂಟು. ಹಣ್ಣು ತಿಂದ ಮೇಲೆ ದೇವರು ಹವ್ವಳಿಗೆ ಬಸಿರು ಹೆರಿಗೆಯ ಸಂಕಟ ಹೆಚ್ಚಾಗ್ತದೆ, ಗಂಡ ನಿನ್ನ ಮೇಲೆ ದೊರೆತನ ಮಾಡ್ತಾನೆ ಅಂತ ಹೇಳ್ತಾರೆ. ಆದಾಮನಿಗೆ, ನಿನ್ನಿಂದಾಗಿ ಭೂಮಿಗೆ ಶಾಪ ಬಂತು, ಮುಳ್ಳು ಕಳೆ ಬೆಳೀತದೆ, ಬೆವರು ಸುರಿಸಿಯೇ ಉಣ್ಬೇಕು, ಕಡೆಗೆ ಮಣ್ಣಿಗೇ ಹೋಗ್ತೀ ಅಂತ. ಅಂದ್ರೆ ಗಂಡಸಿನ ಕಷ್ಟಕ್ಕೂ ಕಥೆ ಉಂಟು, ಅದೂ ಅದೇ ಪುಟದಲ್ಲಿ.

ಎಷ್ಟೋ ಜನ ಗಮನಿಸದ ಎರಡು ವಿಷಯ ಹೇಳ್ತೇನೆ. ಒಂದು, ಆ ಅಧ್ಯಾಯದಲ್ಲಿ ಶಾಪ ಅನ್ನುವ ಶಬ್ದ ಬರುವುದು ಸರ್ಪಕ್ಕೆ ಮತ್ತೆ ಭೂಮಿಗೆ ಮಾತ್ರ, ಹೆಂಗಸಿಗೆ ಅಲ್ಲ. ಇನ್ನೊಂದು, ಹವ್ವಳ ಸಂಕಟಕ್ಕೂ ಆದಾಮನ ದುಡಿಮೆಗೂ ಹೀಬ್ರೂ ಮೂಲದಲ್ಲಿ ಇರುವುದು ಒಂದೇ ಶಬ್ದ, ಇತ್ಸಾವೋನ್. ನಮ್ಮ ಫಾದರ್ ಒಮ್ಮೆ ರಿಟ್ರೀಟಲ್ಲಿ ಇದನ್ನ ಹೇಳಿದಾಗ ನಾನು ಅತ್ತುಬಿಟ್ಟಿದ್ದೆ.

ಯಾಕೆ ಅಂದ್ರೆ ಅದಕ್ಕೆ ಸ್ವಲ್ಪ ದಿನ ಮುಂಚೆ ಒಬ್ಬಳು ಹುಡುಗಿ, ಚೊಚ್ಚಲ ಹೆರಿಗೆ, 14 ಗಂಟೆಯಿಂದ ನೋವು ತಿಂತಾ ಇದ್ಳು, ಎಪಿಡ್ಯೂರಲ್, ಅಂದ್ರೆ ನೋವು ತಿಳಿಯದ ಹಾಗೆ ಬೆನ್ನಿಗೆ ಕೊಡುವ ಇಂಜೆಕ್ಷನ್, ಬೇಕು ಅಂತ ಬೇಡಿಕೊಂಡ್ಳು. ಜೊತೆಗೆ ಬಂದಿದ್ದ ಹಿರಿಯರು ಬೇಡ, ದೇವರು ಹೆಂಗಸಿಗೆ ಕೊಟ್ಟದ್ದು, ಅನುಭವಿಸ್ಲಿ ಅಂದ್ರು. ಅವಳು ನನ್ನ ಕೈ ಹಿಡಿದದ್ದು ಹೇಗೆ ಅಂದ್ರೆ ಮರುದಿನ ಬಳೆಯ ಗುರುತು ನನ್ನ ಮಣಿಕಟ್ಟಲ್ಲಿ ನೀಲಿಯಾಗಿ ಇತ್ತು. ಅವಳ ಗಂಡ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದವರು. ಆದಾಮನಿಗೆ ಬೆವರು ಸುರಿಸು ಅಂತ ಹೇಳಿದ್ದಲ್ವಾ, ಟ್ರ್ಯಾಕ್ಟರ್ ಬೇಡ ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ.

ಇದು ಹೊಸ ಜಗಳ ಅಲ್ಲ. 1847ರಲ್ಲಿ ಎಡಿನ್‌ಬರೋದ ಡಾಕ್ಟರ್ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಅನ್ನುವ ಮಂಪರು ಬರಿಸುವ ಔಷಧ ಕೊಡ್ಲಿಕ್ಕೆ ಶುರು ಮಾಡಿದಾಗ ಧರ್ಮದ ಹೆಸರಲ್ಲಿ ಆಕ್ಷೇಪ ಬರ್ತದೆ ಅಂತ ಅವರೇ ಬೈಬಲ್ ಹಿಡಿದು ಉತ್ತರ ಬರೆದ್ರು, ಪಕ್ಕೆಲುಬು ತೆಗೆಯುವ ಮುಂಚೆ ದೇವರು ಆದಾಮನಿಗೇ ಗಾಢ ನಿದ್ರೆ ಬರಿಸಿದ್ರಲ್ಲ ಅಂತ. 1853ರಲ್ಲಿ ವಿಕ್ಟೋರಿಯಾ ರಾಣಿ ಎಂಟನೇ ಹೆರಿಗೆಗೆ ತಗೊಂಡ್ರು. 1956ರಲ್ಲಿ 12ನೇ ಪಿಯುಸ್ ಪೋಪ್ ಅವರೇ ನೋವಿಲ್ಲದ ಹೆರಿಗೆ ತಪ್ಪಲ್ಲ ಅಂತ ಹೇಳಿದ್ರು. ಆದ್ರೂ ನಮ್ಮ ವಾರ್ಡಿನ ಬಾಗಿಲ ತನಕ ಆ ಮಾತು ಇನ್ನೂ ಬಂದಿಲ್ಲ.

ಹಳೇ_ಓಲೆಗರಿ:

ಅಮ್ಮ ಹೇಳಿದ ಕಥೆ ಯಜುರ್ವೇದದ ತೈತ್ತಿರೀಯ ಸಂಹಿತೆಯ ಎರಡನೇ ಕಾಂಡದ್ದು. ತ್ವಷ್ಟೃವಿನ ಮಗ ವಿಶ್ವರೂಪ, ಮೂರು ತಲೆಯವನು, ಅವನನ್ನ ಇಂದ್ರ ಕೊಂದ. ಒಂದು ವರ್ಷ ಪಾಪ ಹೊತ್ತು ತಿರುಗಿದ, ಕಂಡ ಕಂಡವ್ರೆಲ್ಲ ಬ್ರಹ್ಮಘಾತಕ ಅಂತ ಕೂಗೋರು. ಆಮೇಲೆ ಭೂಮಿ, ಮರ, ಹೆಂಗಸರು ಈ ಮೂವರ ಹತ್ರ ಹೋಗಿ ಮೂರರಲ್ಲೊಂದು ಪಾಲು ತಗೊಳ್ಳಿ ಅಂತ ಕೇಳ್ಕೊಂಡ, ಅವ್ರು ವರ ಕೇಳಿ ತಗೊಂಡ್ರು. ಭೂಮಿಗೆ ಅಗೆದ ಗುಂಡಿ ವರ್ಷದೊಳಗೆ ಮುಚ್ಕೊಳ್ಳೋ ವರ, ಮರಕ್ಕೆ ಕಡಿದಲ್ಲಿ ಚಿಗುರೋ ವರ, ಹೆಂಗಸರಿಗೆ ಮಕ್ಕಳಾಗೋ ವರ. ಪಾಪ ಭೂಮೀಲಿ ಬಿರುಕಾಯ್ತು, ಮರದಲ್ಲಿ ಅಂಟಾಯ್ತು, ಹೆಂಗಸರಲ್ಲಿ ಮುಟ್ಟಾಯ್ತು. ಭಾಗವತದ ಆರನೇ ಸ್ಕಂಧಕ್ಕೆ ಬರೋ ಹೊತ್ತಿಗೆ ನೀರೂ ಸೇರಿ ನಾಲ್ಕು ಪಾಲು, ನೀರಲ್ಲಿ ಅದು ನೊರೆ ಗುಳ್ಳೆ.

ಸೂಕ್ಷ್ಮವಾಗಿ ನೋಡಿದ್ರೆ ಇಲ್ಲಿ ಹೆಂಗಸು ತಪ್ಪೇ ಮಾಡಿಲ್ಲ, ಇನ್ನೊಬ್ರ ತಪ್ಪನ್ನ ಹಂಚ್ಕೊಂಡ್ಳು. ಹವ್ವಳ ಕಥೆಗೂ ಇದಕ್ಕೂ ಅದೇ ದೊಡ್ಡ ವ್ಯತ್ಯಾಸ. ಹಾಗಿದ್ರೂ ಕಥೆ ಮುಗಿದ ತಕ್ಷಣ ಅಲ್ಲೇ ನಿಯಮ ಶುರು, ಮೂರು ರಾತ್ರಿ ಅವಳ ಜೊತೆ ಮಾತಾಡ್ಬಾರ್ದು ಕೂರ್ಬಾರ್ದು, ಅವಳು ತಲೆ ಬಾಚಿದ್ರೆ ಹುಟ್ಟೋ ಮಗ ಬೋಳುತಲೆ, ಉಗುರು ಕತ್ತರಿಸಿದ್ರೆ ಕೆಟ್ಟ ಉಗುರು ಅಂತೆಲ್ಲ ಪಟ್ಟಿ ಇದೆ. ಯಾಕೆ ಹೀಗೆ ಅಂತ ಹೇಳೋಕೆ ಹೊರಟ ಕಥೆ ಹೀಗೇ ಇರು ಅನ್ನೋ ಕಟ್ಟಳೆ ಆಗೋದು ಅಲ್ಲೇ, ಒಂದೇ ಉಸಿರಲ್ಲಿ. ಮರಕ್ಕೂ ನಿಯಮ ಇತ್ತು ಅನ್ನೋದು ಮರೆತು ಹೋಗಿದೆ: ಕೆಂಪಗಿರೋ ಅಂಟು, ಕಡಿದ ಜಾಗದಿಂದ ಬರೋ ಅಂಟು ತಿನ್ನಬಾರ್ದು, ಅದು ಬ್ರಹ್ಮಹತ್ಯೆಯ ಬಣ್ಣ ಅಂತ.

ಗಂಡಸರ ದುಡಿಮೆ ಬಗ್ಗೆ ಕೇಳಿದ್ರಿ. ಬ್ಯಾಬಿಲೋನಿನ ಜೇಡಿ ಹಲಗೆಗಳಲ್ಲಿ ಅತ್ರಹಾಸಿಸ್ ಕಥೆ ಇದೆ, ಸುಮಾರು 3,600 ವರ್ಷ ಹಳೇದು. ಕಿರಿ ದೇವರುಗಳು ಕಾಲುವೆ ತೋಡಿ ತೋಡಿ ಸುಸ್ತಾಗಿ ಸಲಿಕೆ ಸುಟ್ಟು ದಂಗೆ ಎದ್ದು, ಆ ಕೆಲ್ಸ ಹೊರೋಕೆ ಅಂತಲೇ ಜೇಡಿಮಣ್ಣಿಗೆ ಕೊಂದ ದೇವರೊಬ್ಬನ ರಕ್ತಮಾಂಸ ಕಲಸಿ ಮನುಷ್ಯರನ್ನ ಮಾಡಿದ್ರಂತೆ. ಅಲ್ಲಿ ಯಾರ ತಪ್ಪೂ ಇಲ್ಲ, ಹುಟ್ಟಿದ್ದೇ ದುಡಿಯೋಕೆ. ಪ್ರಳಯ ಆದ್ಮೇಲೆ ಜನ ಮತ್ತೆ ಜಾಸ್ತಿ ಆಗ್ಬಾರ್ದು ಅಂತ ಬಂಜೆತನ, ತಾಯಿ ಮಡಿಲಿಂದ ಕೂಸು ಕಸಿಯೋ ರಾಕ್ಷಸಿ, ಇವನ್ನೂ ದೇವರುಗಳೇ ಇಟ್ರು. ಮಗು ಕಳ್ಕೊಂಡ ಆ ಕಾಲದ ತಾಯಿಗೆ ಇದು ಸಮಾಧಾನ ಆಗಿತ್ತೋ ಸಂಕಟ ಆಗಿತ್ತೋ ಅಂತ ಯೋಚ್ನೆ ಬರುತ್ತೆ.

ಧಾರವಾಡ_ಮಳಿ:

ಮ್ಯಾಲಿನ ಸರ್ ಹೇಳಿದ ಅಂಟಿನ ಮಾತು ಓದಿ ಕೈ ನಿಂತತ್ರಿ. ನಮ್ಮ ಕಡೆ ಬಾಣಂತಿಗೆ ಏನ್ ಕೊಡ್ತೀವಿ ಹೇಳ್ರಿ? ಅಂಟಿನ ಉಂಡಿ! ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪದಾಗ ಹುರದ ಅಂಟು. ಅಂಟು ತುಪ್ಪದಾಗ ಬಿದ್ದಕೂಡ್ಲೆ ಹರಳಿನಂಗ ಉಬ್ಬತೈತಿ, ನಮ್ಮವ್ವ ಅದನ್ನ ಬಟ್ಟಲ ತಳದಿಂದ ಪುಡಿ ಮಾಡಾಕಿ, ಮನಿ ತುಂಬ ವಾಸನಿ. ಅಂಗಡ್ಯಾಗ ಅಂಟು ತೊಗೊಳ್ಳೋ ಮುಂದ ಇದು ಕಡದ ಜಾಗಾದ್ದೋ ತಾನ ಒಸರಿದ್ದೋ ಅಂತ ಯಾರೂ ಕೇಳಂಗಿಲ್ಲ. ಮರದ ಪಾಲಿನ ಪಾಪ ಉಂಡಿ ಕಟ್ಟಿ ತಿಂದು ಮುಗಿಸೇವಿ, ಅದನ್ನ ತಿನ್ನೋ ಹೆಣ್ಣಮಗಳ ಪಾಲಿಂದು ಮಾತ್ರ ಹಂಗ ಇಟ್ಟೇವಿ. ನಂಗಂತೂ ಭಾಳ ಸಿಟ್ಟು ಬಂತ್ರಿ.

ನೂರ್_ಬಳ್ಳಾರಿ:

ಅಸ್ಸಲಾಮು ಅಲೈಕುಂ. ಚಿಕ್ಕದಾಗಿ ಹೇಳ್ತೀನಿ. ಕುರ್‌ಆನಲ್ಲಿ ಆದಮ್ ಮತ್ತು ಅವರ ಹೆಂಡತಿ ಇಬ್ಬರನ್ನೂ ಶೈತಾನ ಜಾರಿಸಿದ, ಇಬ್ಬರೂ ಒಟ್ಟಿಗೆ ನಾವು ನಮಗೇ ಅನ್ಯಾಯ ಮಾಡ್ಕೊಂಡ್ವಿ ಅಂತ ಕ್ಷಮೆ ಕೇಳಿದ್ರು, 7ನೇ ಸೂರಾದಲ್ಲಿದೆ (ಸೂರಾ ಅಂದ್ರೆ ಅಧ್ಯಾಯ). ಹೆರಿಗೆ ನೋವು ಶಿಕ್ಷೆ ಅಂತ ಎಲ್ಲೂ ಇಲ್ಲ. ಆದ್ರೂ ನಾನು ಸಣ್ಣವಳಿದ್ದಾಗ ಮನೇಲಿ ಕೇಳಿದ್ದು ಹವ್ವಾ ಬೀಬಿ ಮೊದಲು ತಿಂದ್ರು ಅನ್ನೋ ಕಥೆನೇ. ಓದಿದ ಮೇಲೆ ಗೊತ್ತಾಯ್ತು ಅಲ್ಲಿ ಹಾಗಿಲ್ಲ ಅಂತ.

ಇಂದ್ರಗಿರಿ_ನೆರಳು:

ನಮ್ದು ಜೈನರ ಮನೆ. ನಮ್ಮಲ್ಲಿ ಲೋಕವನ್ನ ಯಾರೂ ಸೃಷ್ಟಿ ಮಾಡಿಲ್ಲ, ಹಾಗಾಗಿ ಶಾಪ ಕೊಡೋರೂ ಇಲ್ಲ. ಪಂಪ 941ರಲ್ಲಿ ಬರೆದ ಆದಿಪುರಾಣ ಓದಿದವ್ರಿಗೆ ಗೊತ್ತಿರುತ್ತೆ, ಮೊದ್ಲು ಭೋಗಭೂಮಿ, ಹತ್ತು ಬಗೆ ಕಲ್ಪವೃಕ್ಷ ಕೇಳಿದ್ದು ಕೊಡೋದು, ಗಂಡು ಹೆಣ್ಣು ಜೋಡಿಯಾಗೇ ಹುಟ್ಟೋರು. ಕಾಲ ಇಳಿಯುತ್ತಾ ಬಂದ ಹಾಗೆ ಮರಗಳು ಬಡವಾದ್ವು, ಕಷ್ಟ ಶುರುವಾಯ್ತು. ಯಾರೂ ತಪ್ಪು ಮಾಡಿದ್ದಕ್ಕಲ್ಲ, ಕಾಲ ಅಂಥಾದ್ದು. ಆಗ ಕೂಸುಗಳು ಕರುಳಬಳ್ಳಿ ಸಮೇತ ಹುಟ್ಟೋಕೆ ಶುರುವಾಯ್ತು, ಜನ ಗಾಬರಿ ಬಿದ್ರು, ಹೊಕ್ಕುಳ ಬಳ್ಳಿ ಕತ್ತರಿಸೋದು ಹೇಗೆ ಅಂತ ಹೇಳಿಕೊಟ್ಟೋರು ಕೊನೆಯ ಮನು (ಜನರಿಗೆ ಬದುಕೋ ದಾರಿ ತೋರಿಸಿದ ಹಿರಿಯರನ್ನ ನಮ್ಮಲ್ಲಿ ಮನು ಅಂತಾರೆ), ಅದಕ್ಕೇ ಅವರ ಹೆಸರು ನಾಭಿರಾಜ. ಅವರ ಮಗ ವೃಷಭನಾಥ ಉಳೋದು, ವ್ಯಾಪಾರ, ಕುಶಲ ಕೆಲಸ ಕಲಿಸಿದ್ರು, ಹೆಣ್ಣುಮಕ್ಕಳಾದ ಬ್ರಾಹ್ಮಿಗೆ ಅಕ್ಷರ ಸೌಂದರಿಗೆ ಅಂಕಿ ಕಲಿಸಿದ್ರು. ಕಷ್ಟ ಬಂದಾಗ ಇದನ್ನ ಹೀಗೆ ಮಾಡಿ ಅಂತ ಹೇಳಿಕೊಡೋದೇ ಇಲ್ಲಿ ಕಥೆ, ನಂಗೆ ಇದು ತುಂಬಾ ಇಷ್ಟ.

ಆದ್ರೆ ಒಂದು ಸತ್ಯ ಹೇಳ್ಲೇಬೇಕು. ಇಷ್ಟೆಲ್ಲ ಇದ್ರೂ ನಮ್ಮನೇಲೂ ಮೂರು ದಿನ ಮೂಲೆ ಇತ್ತು, ನಾನೂ ಬಸದಿ ಮೆಟ್ಟಿಲ ಹತ್ರ ಚಪ್ಪಲಿ ಕಾಯ್ಕೊಂಡು ನಿಂತಿದ್ದೀನಿ. ಇಂದ್ರನ ಪಾಪದ ಕಥೆ ನಮಗೆ ಯಾರೂ ಹೇಳಿರ್ಲಿಲ್ಲ, ಆದ್ರೂ ಮೂಲೆ ಇತ್ತು. ಹಾಗಾಗಿ ಕಥೆಯಿಂದಲೇ ಎಲ್ಲಾ ಬಂತು ಅಂತ ನಂಗೆ ಅನ್ಸಲ್ಲ ಅಕ್ಕಾ, ಪದ್ಧತಿ ಮೊದ್ಲೇ ಇದ್ದು ಆಮೇಲೆ ಅದಕ್ಕೊಂದು ಕಥೆ ಅಂಟಿಸಿರಬಹುದು. ಬಸವಣ್ಣನವರ ಕಾಲದ ಶರಣರು ರಜಸ್ಸೂತಕ, ಅಂದ್ರೆ ಮುಟ್ಟಿನ ಮೈಲಿಗೆ, ಸೇರಿ ಐದು ಸೂತಕ ಇಲ್ಲ ಅಂದ್ರಲ್ಲ, ಅವ್ರು ಇನ್ನೊಂದು ಕಥೆ ಕಟ್ಟೋಕೆ ಹೋಗ್ಲಿಲ್ಲ, ನೇರವಾಗಿ ಪದ್ಧತೀನೇ ಬಿಡಿ ಅಂದ್ರು.

ಶರಾವತಿ_ದಡ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್, ಆ ಹುಡುಗಿ ಮಗು ಚೆನ್ನಾಗಿದ್ಯಾ? ಹೇಳೋಕಾದ್ರೆ ಹೇಳಿ.

ನಿನ್ನೆ ರಾತ್ರಿ ಅಮ್ಮಂಗೆ ಫೋನ್ ಮಾಡಿ ಎಲ್ಲಾ ಓದಿ ಹೇಳ್ದೆ, ಪಕ್ಕದಲ್ಲಿ ಮಗಳೂ ಇದ್ಲು. ನೀರಿನ ಪಾಲು ಬಂದಾಗ ಅವಳು "ಅಜ್ಜಿ, ನೀರೂ ಪಾಪ ಹೊತ್ಕೊಂಡಿದ್ರೆ ನಾಲ್ಕನೇ ದಿನ ಅದೇ ನೀರಲ್ಲಿ ತಲೆ ಮೇಲೆ ಸ್ನಾನ ಮಾಡಿದ್ರೆ ನಾನು ಹೆಂಗೆ ಶುದ್ಧ ಆಗ್ತೀನಿ?" ಅಂದ್ಲು. ಅಮ್ಮ ಬೈತಾಳೇನೋ ಅಂದ್ಕೊಂಡೆ. ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ ನಿಧಾನಕ್ಕೆ, ನಮ್ಮಜ್ಜಿ ಹೊಳೇಲಿ ಕೊಡ ಮುಳುಗಿಸೋ ಮುಂಚೆ ಕೈಯಲ್ಲಿ ನೊರೆ ಆಚೆ ಸರಿಸ್ತಿದ್ರು, ಯಾಕೆ ಅಂತ ಗೊತ್ತಿರ್ಲಿಲ್ಲ, ಇದಕ್ಕೇ ಇರ್ಬೇಕು ಅಂದ್ಲು. ಫೋನ್ ಇಡೋ ಮುಂಚೆ ಅಮ್ಮನೇ ಕೇಳಿದ್ಲು, "ನೀರಿಗೆ ಅಷ್ಟು ಮಾಡಿದ್ರೆ ಸಾಕಾಗ್ತಿತ್ತಲ್ಲೇ, ನಮಗ್ಯಾಕೆ ಮೂರು ದಿನ?"