ಅಮೆರಿಕದ ಒಹಾಯೋ ರಾಜ್ಯದ ಹೋಮ್ಸ್ ಕೌಂಟಿಯ ಆಮಿಷ್ ಹಳ್ಳಿಗಳಲ್ಲಿ 3 ದಿನ ಸೈಕಲ್: ಏರು ಕಡಿಮೆ ಇರೋ ದಾರಿ ಯಾವುದು?

ಕೊಲಂಬಸ್_ಕನ್ನಡಿಗ:
ಅಕ್ಟೋಬರ್ ಎರಡನೇ ವಾರ, ಶುಕ್ರವಾರದಿಂದ ಭಾನುವಾರ. ನಾನು, ಮನೆಯವರು, 10 ವರ್ಷದ ಮಗಳು. ನಮ್ಮದು ಎರಡು ಹೈಬ್ರಿಡ್ ಸೈಕಲ್, ಮಗಳದ್ದು 24 ಇಂಚಿನ 7 ಗೇರ್ ಸೈಕಲ್. ಕಾರಿಗೆ ಕಟ್ಟಿಕೊಂಡು ಹೋಗ್ತೀವಿ. ದಿನಕ್ಕೆ 30 ಕಿ.ಮೀ. ಸಾಕು. ಮಿಲ್ಲರ್ಸ್‌ಬರ್ಗ್‌ನಲ್ಲಿ ಉಳಿದು ಬರ್ಲಿನ್, ಚಾರ್ಮ್ ಅನ್ನೋ ಆಮಿಷ್ (ಕಾರು ಬಿಟ್ಟು ಕುದುರೆಗಾಡಿಯಲ್ಲೇ ಓಡಾಡೋ ಕ್ರೈಸ್ತ ಪಂಗಡ) ಹಳ್ಳಿಗಳನ್ನೆಲ್ಲ ಸೈಕಲ್ಲಲ್ಲೇ ಸುತ್ತೋಣ ಅಂತ ಯೋಚನೆ. ಬರ್ಲಿನ್‌ಗೆ ಬರೀ 11 ಕಿ.ಮೀ. ತೋರಿಸ್ತಿದೆ. ಆಗುತ್ತಾ? ನಾವು ಶುದ್ಧ ಸಸ್ಯಾಹಾರಿಗಳು.

ಇಳಿಜಾರು:
ಆ 11 ಕಿ.ಮೀ. ನಂಬಬೇಡಿ ಸರ್. ಮಿಲ್ಲರ್ಸ್‌ಬರ್ಗ್ ಇರೋದು ಕಿಲ್‌ಬಕ್ ಹೊಳೆ ಕಣಿವೆಯಲ್ಲಿ, ಬರ್ಲಿನ್ ಇರೋದು ದಿಣ್ಣೆ ಮೇಲೆ. ವ್ಯತ್ಯಾಸ 100 ಮೀಟರ್‌ಗೂ ಹೆಚ್ಚು. ಅದನ್ನೂ ಒಂದೇ ಸಲ ಹತ್ತಿ ಮುಗಿಸೋ ಹಾಗಿಲ್ಲ. ಹತ್ತಿದ್ದನ್ನು ಇಳಿಸಿ ಮತ್ತೆ ಹತ್ತಿಸುತ್ತೆ. ಒಳರಸ್ತೆಗಳಲ್ಲಿ 10 ಪರ್ಸೆಂಟ್ ದಾಟೋ ಏರು ಮಾಮೂಲು. ನೇರ ದಾರಿಯಾದ 39ನೇ ನಂಬರ್ ಹೆದ್ದಾರಿಯಲ್ಲಿ ಲಾರಿ, ಪ್ರವಾಸಿಗಳ ಕಾರು. ಮಗು ಜೊತೆ ಬೇಡವೇ ಬೇಡ.

ನಿಮಗೆ ಬೇಕಾದ್ದು ಹೋಮ್ಸ್ ಕೌಂಟಿ ಟ್ರೇಲ್. ಹಳೇ ರೈಲು ಹಳಿ ಇದ್ದ ಜಾಗ, ಹಾಗಾಗಿ ಏರು ಗೊತ್ತೇ ಆಗಲ್ಲ. ಫ್ರೆಡರಿಕ್ಸ್‌ಬರ್ಗ್‌ನಿಂದ ಮಿಲ್ಲರ್ಸ್‌ಬರ್ಗ್ ಮೇಲೆ ಕಿಲ್‌ಬಕ್‌ವರೆಗೆ ಸುಮಾರು 24 ಕಿ.ಮೀ. ಪಕ್ಕಪಕ್ಕದಲ್ಲೇ ಎರಡು ಪಟ್ಟಿ: ಸೈಕಲ್‌ಗೆ ನುಣುಪು ಡಾಂಬರು, ಕುದುರೆಗಾಡಿಗೆ ಜಲ್ಲಿ ಒತ್ತಿದ ಒರಟು ಪಟ್ಟಿ. ಆಮಿಷ್ ಜನ ಸಂತೆಗೆ, ಕೆಲಸಕ್ಕೆ ಓಡಾಡೋ ದಾರಿಯೇ ಇದು. ಅವರನ್ನು ನೋಡೋಕೆ ಬರ್ಲಿನ್ ಪೇಟೆಗಿಂತ ಇದೇ ವಾಸಿ.

ಶುಕ್ರವಾರ ಮಧ್ಯಾಹ್ನ ಕಿಲ್‌ಬಕ್‌ಗೆ ಹೋಗಿ ವಾಪಸ್, 20 ಕಿ.ಮೀ. ಒಳಗೆ. ಶನಿವಾರ ಹೋಮ್ಸ್‌ವಿಲ್ ಮೇಲೆ ಫ್ರೆಡರಿಕ್ಸ್‌ಬರ್ಗ್, ಹೋಗಿಬಂದರೆ 30ರ ಆಸುಪಾಸು. ಬೆಳಗ್ಗೆ ಕಣಿವೆಯಲ್ಲಿ ಮಂಜು ಕೂತಿರುತ್ತೆ, ಒದ್ದೆ ಎಲೆ ಮೇಲೆ ಟಯರ್ ಜಾರುತ್ತೆ. 9:30 ಆದಮೇಲೆ ಹೊರಡಿ. ಬರ್ಲಿನ್, ಚಾರ್ಮ್‌ಗೆ ಅದೇ ಸಂಜೆ ಕಾರು ತೆಗೀರಿ, ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ: ಆಮಿಷ್ ಅಂಗಡಿಗಳೆಲ್ಲ ಬಾಗಿಲು ಹಾಕಿರ್ತವೆ. ಭಾನುವಾರ ಊರ ದಾರಿ ಹಿಡಿದಾಗ ಡ್ಯಾನ್‌ವಿಲ್‌ನಲ್ಲಿ ಸೈಕಲ್ ಇಳಿಸಿ. ಅಲ್ಲಿಂದ ಮೌಂಟ್ ವರ್ನನ್‌ವರೆಗೆ ಕೊಕೋಸಿಂಗ್ ಗ್ಯಾಪ್ ಟ್ರೇಲ್, 22 ಕಿ.ಮೀ., ಪೂರಾ ಡಾಂಬರು. ಗ್ಯಾಂಬಿಯರ್‌ನಲ್ಲಿ ಹಳೇ ಉಗಿ ಇಂಜಿನ್ ನಿಂತಿದೆ, ಮಗಳು ಹತ್ತಿರ ಹೋಗಿ ನೋಡಬಹುದು.

ಚೈನ್_ಆಯಿಲ್:
ಟ್ರೇಲ್ ಬಿಟ್ಟು ಒಂದು ಫರ್ಲಾಂಗು ಒಳಗೆ ಹೋದರೂ ಮಗಳ ಸೈಕಲ್ಲೇ ಮೊದಲು ಕೈಕೊಡೋದು. ಚೈನ್ ಓಡೋ ಚಕ್ರಗಳ ಹಲ್ಲು ಎಣಿಸಿ ನೋಡಿ. ಇಂಥ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 36, ಹಿಂದೆ ದೊಡ್ಡದು 28. ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.4 ಮೀಟರ್ ಮುಂದೆ ಹೋಗುತ್ತೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 8.7 ಕಿ.ಮೀ. ಹತ್ತು ಪರ್ಸೆಂಟ್ ಏರಲ್ಲಿ ಅಷ್ಟು ವೇಗ ಮಕ್ಕಳ ಕೈಲಾಗಲ್ಲ, ಇಳಿದು ತಳ್ಳಬೇಕು. ಹಿಂದಿನ ಫ್ರೀವೀಲ್ (ಹಲ್ಲುಚಕ್ರಗಳ ಗೊಂಚಲು) ತೆಗೆಸಿ 14ರಿಂದ 34 ಹಲ್ಲಿನದ್ದು ಹಾಕಿಸಿದರೆ ಅದೇ ತುಳಿತಕ್ಕೆ 7.2 ಕಿ.ಮೀ.ಗೆ ಇಳಿಯುತ್ತೆ. ಡಿರೇಲರ್ (ಚೈನನ್ನು ಗೇರಿಂದ ಗೇರಿಗೆ ಸರಿಸೋ ಭಾಗ) 34 ತಡೆಯುತ್ತಾ ಅಂತ ಮೊದಲು ಕೇಳಿ. ಚೈನೂ ಅಳತೆ ಮಾಡಿಸಿ. ಹಳೇ ಚೈನ್ ಎರಡು ಕೊಂಡಿ ಗಿಡ್ಡ ಆದ್ರೂ ಸಾಕು, ದೊಡ್ಡ ಚಕ್ರಕ್ಕೆ ಏರಿಸಿದ ತಕ್ಷಣ ಬಿಗಿದು ಡಿರೇಲರನ್ನೇ ಕಿತ್ತುಹಾಕುತ್ತೆ.

ಬ್ರೇಕ್ ಪ್ಯಾಡಿನ ಗೀರು ಸವೆದು ಮಾಯ ಆಗಿದ್ರೆ ಹೋಗೋ ಮುಂಚೆ ಬದಲಾಯಿಸಿ. ಅಲ್ಲಿ ಇಳಿಜಾರಿನ ಬುಡದಲ್ಲಿ ಕ್ರಾಸ್ ರಸ್ತೆ, ಅದರ ಮೇಲೆ ಚೆಲ್ಲಿದ ಜಲ್ಲಿ. ಮೇಲಿಂದಲೇ ಬ್ರೇಕ್ ಬಿಟ್ಟುಬಿಟ್ಟು ಹಿಡಿದುಕೊಂಡು ಇಳೀಬೇಕು. ಬುಡಕ್ಕೆ ಬಂದಮೇಲೆ ಹಿಡಿದರೆ ಮುಂದಿನ ಚಕ್ರ ಜಾರುತ್ತೆ.

ಲದ್ದಿ_ತಪ್ಪಿಸಿ:
ಕುದುರೆ ವಿಷಯ ಯಾರೂ ಹೇಳಲಿಲ್ಲ. ಕಣ್ಣುಪಟ್ಟಿ ಕಟ್ಟಿರೋದರಿಂದ ಅದಕ್ಕೆ ಹಿಂದಿನದು ಕಾಣಲ್ಲ. ಸದ್ದಿಲ್ಲದೆ ಪಕ್ಕಕ್ಕೆ ಬಂದ್ರೆ ಬೆಚ್ಚುತ್ತೆ. ಹದಿನೈದು ಮೀಟರ್ ದೂರದಿಂದಲೇ ಬಾಯಲ್ಲಿ ಹೇಳಿ: “ಹಲೋ, ಎಡಗಡೆಯಿಂದ ಬರ್ತಿದೀವಿ”, ಇಂಗ್ಲಿಷಲ್ಲೇ. ಬೆಲ್‌ಗಿಂತ ಮನುಷ್ಯರ ದನಿ ಒಳ್ಳೇದು. ಎರಡು ಮೀಟರ್ ಬಿಟ್ಟು ದಾಟಿ, ದಾಟಿದ ಕೂಡಲೇ ಮುಂದೆ ನುಗ್ಗಬೇಡಿ. ಮಡ್‌ಗಾರ್ಡ್ ಇರಲಿ, ಯಾಕಂತ ನನ್ನ ಹೆಸರೇ ಹೇಳುತ್ತೆ. ಮುಖ ಕಾಣೋ ಹಾಗೆ ಫೋಟೋ ತೆಗೀಬೇಡಿ, ಅವರ ಧರ್ಮಕ್ಕೆ ಒಗ್ಗಲ್ಲ.

ಊಟ: ಆಮಿಷ್ ಅಡುಗೆಯಲ್ಲಿ ನಿರಾಮಿಷ ಹುಡುಕೋದು ಸ್ವಲ್ಪ ಕಷ್ಟವೇ. ಬೀನ್ಸ್ ಪಲ್ಯದಲ್ಲಿ ಬೇಕನ್ (ಹಂದಿಮಾಂಸ) ಚೂರು, ನೂಡಲ್ಸ್ ಬೇಯಿಸೋದು ಕೋಳಿ ಸಾರಲ್ಲಿ, ಆಲೂ ಮೇಲೆ ಸುರಿಯೋ ಗ್ರೇವಿಯೂ ಮಾಂಸದ್ದೇ. ಸೇಬಿನ ಪೈ ನೋಡೋಕೆ ಪಾಪದ್ದು, ಅದರ ಹಿಟ್ಟಿಗೂ ಎಷ್ಟೋ ಕಡೆ ಹಂದಿಕೊಬ್ಬೇ ಹಾಕ್ತಾರೆ. “ಲಾರ್ಡ್ ಹಾಕಿದೀರಾ?” ಅಂತ ಕೇಳಿ, ಮುಚ್ಚುಮರೆ ಮಾಡಲ್ಲ. ಬ್ರೆಡ್, ಪೀನಟ್ ಬಟರ್, ಸೇಬು, ಜೊತೆಗೆ ಮನೆ ಚಪಾತಿ ಇದ್ದರೆ ಮಧ್ಯಾಹ್ನ ಕಳೆಯುತ್ತೆ. ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯದೆ ಇರಬಹುದು, ಚಿಲ್ಲರೆ ನೋಟು ಇಟ್ಕೊಳ್ಳಿ.

ಕೊಲಂಬಸ್_ಕನ್ನಡಿಗ:
ಎಣಿಸಿದೆ. ಮುಂದೆ 38, ಹಿಂದೆ 28!

ಚೈನ್_ಆಯಿಲ್:
ಹಾಗಾದ್ರೆ ಇನ್ನೂ ಭಾರ. ಈ ವಾರವೇ ಅಂಗಡಿಗೆ ಬಿಡಿ. ಅಲ್ಲೀತನಕ ಟ್ರೇಲ್ ಬಿಟ್ಟು ಇಳೀಬೇಡಿ.