ಸಹಾಯ ಬೇಕು: ಹಳೆಯ ವಿಕ್ರಾಂತ್‌ನಲ್ಲಿ ಇದ್ದವರು ಯಾರಾದರೂ ಗೊತ್ತಾ?

ನಮಸ್ಕಾರ. ನಾವು ಕುಂಬಳೆಯವರು. ಅಪ್ಪ 1971ರ ಪಾಕಿಸ್ತಾನ ಯುದ್ಧದ ಸಮಯದಲ್ಲಿ ನಮ್ಮ ನೌಕಾಪಡೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್‌ನ ಬಾಯ್ಲರ್ ರೂಮಿನಲ್ಲಿದ್ದರು. ಈಗ ಅವರ ಮಾತನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬರೆದಿಡುತ್ತಿದ್ದೇನೆ.

ಹೇಳುವುದೆಲ್ಲ ಬಾಯ್ಲರ್ ಕಥೆಯೇ. ಹಡಗು ಓಡಿಸಲು ಹಬೆ ಮಾಡುವ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತಂತೆ, ಮೂರನ್ನೇ ನಂಬಿ ಬಂಗಾಳ ಕೊಲ್ಲಿಗೆ ಹೋದರಂತೆ. ವಿಮಾನ ಚಿಮ್ಮಿಸುವ ಕ್ಯಾಟಪಲ್ಟ್‌ಗೂ ಅದೇ ಹಬೆ ಬೇಕು. ಸೀ ಹಾಕ್ ಯುದ್ಧವಿಮಾನಗಳು ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್, ಚಿತ್ತಗಾಂಗ್ ಕಡೆ ಹಾರಿದ್ದು ಅಪ್ಪನಿಗೆ ಕಾಣಲೇ ಇಲ್ಲ. ತಲೆ ಮೇಲೆ ಧಡ್ ಅನ್ನುವ ಸದ್ದು ಮಾತ್ರ. ಆ ಸೆಖೆಯ ಮುಂದೆ ನಮ್ಮ ಮೇ ತಿಂಗಳು ಏನೂ ಅಲ್ಲ ಅನ್ನುತ್ತಾರೆ!

1997ರಲ್ಲಿ ಹಡಗು ನಿವೃತ್ತ ಆಯಿತು. ಆಮೇಲೆ ಮುಂಬೈಯಲ್ಲಿ ಮ್ಯೂಸಿಯಂ ಆಗಿತ್ತು. ಆಗ ಅಪ್ಪನನ್ನು ಕರೆದುಕೊಂಡು ಹೋಗಲಿಲ್ಲ, ನನ್ನದೇ ತಪ್ಪು. 2014ರಲ್ಲಿ ಒಡೆಯಲು ಶುರು ಮಾಡಿದರು.

ನಮ್ಮಲ್ಲಿದ್ದ ಫೋಟೋಗಳನ್ನು ಗೆದ್ದಲು ತಿಂದುಹಾಕಿದೆ. ಮ್ಯೂಸಿಯಂ ಕಾಲದಲ್ಲಿ ಒಳಗೆ ತೆಗೆದ ಫೋಟೋ ಯಾರ ಹತ್ತಿರವಾದರೂ ಇದ್ದರೆ ಕಳಿಸುತ್ತೀರಾ? ಯಂತ್ರಗಳ ಕಡೆಯದಾದರೆ ಇನ್ನೂ ಖುಷಿ. ಆ ಹಡಗಿನಲ್ಲಿದ್ದ ಕಾಸರಗೋಡು, ಮಂಗಳೂರು ಕಡೆಯ ಹಿರಿಯರು ಗೊತ್ತಿದ್ದರೂ ಮೆಸೇಜ್ ಮಾಡಿ. ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಫೋನಿಗಿಂತ ಮನೆಗೇ ಬಂದರೆ ಒಳ್ಳೆಯದು, ಚಹಾ ನಮ್ಮದು.